ಪುರುಡಿನ ಹೊಸ್ತಿಲು: ಸೂಲಗಿತ್ತಿಯ ಕೈ ಮತ್ತು ಧರ್ಮಸಭೆಯ ನಡೆ

ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯ ಜನನದ ವೃತ್ತಾಂತ ಬಹು ಚಿಕ್ಕದು. ಮರಿಯಮ್ಮನವರಿಗೆ ದಿನ ತುಂಬಿತು, ಮಗು ಹುಟ್ಟಿತು, ತಾಯಿಯೇ ಅದನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು ಎಂಬಷ್ಟಕ್ಕೆ ಅದು ಮುಗಿಯುತ್ತದೆ. ಬೇನೆಯ ಹೊತ್ತಿನಲ್ಲಿ ಜೊತೆಗಿದ್ದವರು ಯಾರು, ಹೊಕ್ಕುಳಬಳ್ಳಿಯನ್ನು ಕತ್ತರಿಸಿದವರು ಯಾರು, ಬಿಸಿನೀರು ಕಾಯಿಸಿದವರು ಯಾರು ಎಂಬುದನ್ನು ಶುಭಸಂದೇಶಕಾರನು ಹೇಳುವುದಿಲ್ಲ. ಈ ಮೌನವನ್ನು ಪರಂಪರೆ ಎರಡು ಬಗೆಯಲ್ಲಿ ತುಂಬಿಕೊಂಡಿತು. ಎರಡನೆಯ ಶತಮಾನದ, ಅಧಿಕೃತ ಪಟ್ಟಿಗೆ ಸೇರದ, ‘ಯಾಕೋಬನ ಆದಿಶುಭಸಂದೇಶ’ವೆಂಬ ಗ್ರಂಥದಲ್ಲಿ ಜೋಸೆಫರು ಸೂಲಗಿತ್ತಿಯನ್ನು ಅರಸಿ ಹೊರಡುತ್ತಾರೆ. ಪೌರಸ್ತ್ಯ ಧರ್ಮಸಭೆಗಳ ಕ್ರಿಸ್ತಜಯಂತಿಯ ಪವಿತ್ರ ಚಿತ್ರಗಳ ಕೆಳಭಾಗದಲ್ಲಿ ಶಿಶುವಿಗೆ ನೀರೆರೆಯುವ ಸ್ತ್ರೀಯರನ್ನು ಇಂದಿಗೂ ಕಾಣಬಹುದು. ಪಶ್ಚಿಮದಲ್ಲಿ ಸಂತ ಜೆರೋಮರು ಹೆಲ್ವಿಡಿಯಸನನ್ನು ಖಂಡಿಸಿ ಬರೆದ ಗ್ರಂಥದಲ್ಲಿ ಅಲ್ಲಿ ಸೂಲಗಿತ್ತಿಯೇ ಇರಲಿಲ್ಲವೆಂದು ಖಂಡಿತವಾಗಿ ವಾದಿಸಿದರು. ಮರಿಯಮ್ಮನವರ ಕನ್ಯತ್ವವನ್ನು ಸಮರ್ಥಿಸುವುದು ಅವರ ಉದ್ದೇಶವಾಗಿತ್ತು.

ಈ ಎರಡು ನಿಲುವುಗಳ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ಪವಿತ್ರವಾದುದು ಹೆರಿಗೆಯ ರಕ್ತ, ನೀರು, ನೋವುಗಳ ಬಳಿಗೆ ಬರಬಹುದೆ? ಧರ್ಮಸಭೆಯು ತನ್ನ ಚರಿತ್ರೆಯಲ್ಲಿ ಸೂಲಗಿತ್ತಿಯ ಕೈಯನ್ನು ನಂಬಿತು. ಆದರೆ ಆಕೆ ನಿಂತ ಜಾಗವನ್ನು ಬಹುಕಾಲ ಅಂಜಿಕೆಯಿಂದ ಕಂಡಿತು. ಈ ನಂಬಿಕೆ ಮತ್ತು ಅಂಜಿಕೆಗಳ ಕಥೆಯನ್ನು ನಮ್ಮದೇ ನಾಡಿನ ಒಂದು ಸೀಮೆಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತೆಂಗಿನ ಸೀಮೆಯ ಬಾಣಂತನ

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ಇಲ್ಲಿ ಬಸುರಿಯ ಮಡಿಲು ತುಂಬುವಾಗ ಅಕ್ಕಿಯ ಜೊತೆಗೆ ಕೊಬ್ಬರಿ ಗಿಟುಕು ಇರಲೇಬೇಕು. ಹೆತ್ತವಳಿಗೆ ಹರಳೆಣ್ಣೆಯ ನೀವು, ಹಂಡೆಯ ಬಿಸಿನೀರು, ಸಾಂಬ್ರಾಣಿಯ ಹೊಗೆ, ಕೊಬ್ಬರಿ ಬೆಲ್ಲ, ಮೆಂತ್ಯ, ಬೆಳ್ಳುಳ್ಳಿ: ಇವೆಲ್ಲ ಸೇರಿದ್ದು ಬಾಣಂತನ. ಹೆರಿಗೆಯನ್ನು ಮಾಡಿಸುವವಳು ಸೂಲಗಿತ್ತಿ. ಸೂಲು ಎಂದರೆ ಹೆರಿಗೆ. ಎಷ್ಟನೆಯ ಸೂಲಿನ ಹಸು ಎಂದು ಕೇಳುವ ರೈತನ ಬಾಯಲ್ಲಿ ಈ ಪದ ಇನ್ನೂ ಜೀವಂತವಾಗಿದೆ. ಆಕೆ ಹೊಟ್ಟೆ ಮುಟ್ಟಿ ಮಗುವಿನ ತಲೆ ಎತ್ತ ತಿರುಗಿದೆ ಎಂದು ತಿಳಿಯುತ್ತಿದ್ದಳು, ಮಾಸು ಬೀಳುವವರೆಗೆ ಕಾಯುತ್ತಿದ್ದಳು, ಮಗುವಿಗೆ ಎರೆಯುತ್ತಿದ್ದಳು. ಪ್ರತಿಫಲವಾಗಿ ಒಂದು ಸೀರೆಯೋ ಕುಪ್ಪಸದ ಕಣವೋ ಎಲೆಯಡಿಕೆಯೊಂದಿಗೆ ತೆಂಗಿನಕಾಯಿಯೋ ಸಿಗುತ್ತಿತ್ತು.

ಹೆರಿಗೆಯ ಮನೆಗೆ ಪುರುಡು ಅಂಟುತ್ತದೆಂಬುದು ನಾಡಿನ ಬಹುಪಾಲು ಜನರ ನಂಬಿಕೆ. ಪುರುಡು ಕಳೆಯುವವರೆಗೆ ತಾಯಿ ಮಗು ಇಬ್ಬರೂ ಮುಟ್ಟಬಾರದವರು. ಅನೇಕ ಊರುಗಳಲ್ಲಿ ಸೂಲಗಿತ್ತಿಯೂ ಸಮಾಜವು ಕೀಳೆಂದು ದೂರವಿಟ್ಟ ಕುಲಗಳಿಂದಲೇ ಬರುತ್ತಿದ್ದಳು. ಉಳಿದ ದಿನಗಳಲ್ಲಿ ಹೊಸ್ತಿಲು ದಾಟಲಾಗದ ಹೆಂಗಸು ಪುರುಡಿನ ದಿನ ಮಾತ್ರ ಒಳಮನೆಗೆ ಬಂದು ಆ ಮನೆಯ ಕುಡಿಯನ್ನು ಮೊದಲು ಮುಟ್ಟುವವಳಾಗುತ್ತಿದ್ದಳು. ಆಕೆ ಹೋದ ಮೇಲೆ ಮನೆ ಶುದ್ಧವಾಗುತ್ತಿತ್ತು.

ಈ ನಂಬಿಕೆಯನ್ನು ನಮ್ಮ ನಾಡು ಪ್ರಶ್ನಿಸದೆ ಒಪ್ಪಿಕೊಂಡಿತೆಂದು ಭಾವಿಸಬಾರದು. 12ನೆಯ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅಲ್ಲಗಳೆದರು. ಲಿಂಗವಂತರಿಗೆ ಪಂಚಸೂತಕವಿಲ್ಲವೆಂಬುದು ಆ ಧರ್ಮದ ಮೂಲ ನಿಲುವುಗಳಲ್ಲೊಂದು. ಆದರೆ ತತ್ತ್ವವು ಮಾತಿನಲ್ಲಿ ಗೆದ್ದಷ್ಟು ಸುಲಭವಾಗಿ ಮನೆಯೊಳಗೆ ಗೆಲ್ಲುವುದಿಲ್ಲ. ಚಿಕ್ಕನಾಯಕನಹಳ್ಳಿ, ಶಿರಾ, ತುಮಕೂರು ತಾಲ್ಲೂಕುಗಳ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಹೆತ್ತವರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಹೀಗೆ ಪ್ರತ್ಯೇಕಿಸುವುದನ್ನು 2017ರ ಕರ್ನಾಟಕದ ಅಮಾನವೀಯ ದುಷ್ಟಪದ್ಧತಿಗಳ ನಿಷೇಧ ಕಾಯಿದೆ ಅಪರಾಧವೆಂದು ಸಾರಿದೆ. ಆದರೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಮಳೆ ಚಳಿಯ ನಡುವೆ ತಾಯಿಯೊಡನೆ ಗುಡಿಸಲಿನಲ್ಲಿದ್ದ ಹಸುಗೂಸೊಂದು ಅಸುನೀಗಿತು.

ಮಡಿಯೂ ಶುಚಿಯೂ ಒಂದೇ ಅಲ್ಲವೆಂಬುದಕ್ಕೆ ವೈದ್ಯಚರಿತ್ರೆಯಲ್ಲಿ ಒಂದು ನಿದರ್ಶನವಿದೆ. 1840ರ ದಶಕದಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ವೈದ್ಯವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದ ಮೊದಲನೆಯದರಲ್ಲಿ 1846ರಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ಬಾಣಂತಿಯರು ಜ್ವರದಿಂದ ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ನೂರಕ್ಕೆ ಮೂವರಿಗಿಂತ ಕಡಿಮೆ. ಶವಪರೀಕ್ಷೆ ಮಾಡಿದ ಕೈಗಳಲ್ಲೇ ವಿದ್ಯಾರ್ಥಿಗಳು ಹೆರಿಗೆಗೆ ಬರುತ್ತಿದ್ದರೆಂಬುದನ್ನು ಸೆಮ್ಮೆಲ್‌ವೈಸ್ ಎಂಬ ವೈದ್ಯ ಗುರುತಿಸಿ, 1847ರಲ್ಲಿ ಸುಣ್ಣದ ಕ್ಲೋರಿನ್ ದ್ರಾವಣದಿಂದ ಕೈ ತೊಳೆಯಬೇಕೆಂದು ವಿಧಿಸಿದ. ಸಾವುಗಳು ಇಳಿದವು. ಹೆತ್ತವಳಿಂದ ಇತರರಿಗೆ ಮೈಲಿಗೆ ತಗಲುತ್ತದೆಂದು ಲೋಕ ಹೆದರಿತ್ತು. ನಿಜದಲ್ಲಿ ಅಪಾಯವು ಇತರರಿಂದ ಹೆತ್ತವಳ ಕಡೆಗೆ ಸಾಗುತ್ತಿತ್ತು.

ನಮ್ಮ ದೇವಾಲಯದ ಬಾಗಿಲು

ಹಟ್ಟಿಯ ಗುಡಿಸಲಿನತ್ತ ಬೆರಳು ತೋರುವ ಮುನ್ನ ನಾವು ನಮ್ಮ ಗ್ರಂಥಗಳನ್ನು ತೆರೆಯಬೇಕು. ಯಾಜಕಕಾಂಡದ 12ನೆಯ ಅಧ್ಯಾಯದ ಪ್ರಕಾರ ಗಂಡು ಹೆತ್ತವಳು ಒಟ್ಟು 40 ದಿನ, ಹೆಣ್ಣು ಹೆತ್ತವಳು 80 ದಿನ ಪವಿತ್ರ ವಸ್ತುಗಳನ್ನು ಮುಟ್ಟುವಂತಿಲ್ಲ, ದೇವಾಲಯವನ್ನು ಪ್ರವೇಶಿಸುವಂತಿಲ್ಲ. ಮರಿಯಮ್ಮನವರೂ ಈ ನಿಯಮಕ್ಕೆ ಒಳಪಟ್ಟು ಬಡವರ ಕಾಣಿಕೆಯಾದ ಜೋಡಿಹಕ್ಕಿಗಳನ್ನು ಅರ್ಪಿಸಿದರೆಂದು ಲೂಕನು ಬರೆದಿದ್ದಾನೆ. ಆದರೆ ಅದೇ ಬೈಬಲ್ಲಿನಲ್ಲಿ ಇನ್ನೊಂದು ಧಾರೆಯೂ ಇದೆ. ವಿಮೋಚನಾಕಾಂಡದ ಆರಂಭದಲ್ಲಿ ಇಸ್ರಯೇಲರ ಗಂಡುಕೂಸುಗಳನ್ನು ಕೊಲ್ಲಿರೆಂಬ ಫರೋಹನ ಆಜ್ಞೆಯನ್ನು ಶಿಪ್ರಾ ಮತ್ತು ಪೂಗಾ ಎಂಬ ಇಬ್ಬರು ಸೂಲಗಿತ್ತಿಯರು ದೇವರಿಗೆ ಅಂಜಿ ಮೀರುತ್ತಾರೆ. ಆ ಅರಸನ ಹೆಸರನ್ನು ಗ್ರಂಥವು ಹೇಳುವುದಿಲ್ಲ; ಸೂಲಗಿತ್ತಿಯರ ಹೆಸರುಗಳನ್ನು ಉಳಿಸಿದೆ. ಇಪ್ಪತ್ತೆರಡನೆಯ ಕೀರ್ತನೆಯಲ್ಲಿ ದೇವರೇ ಗರ್ಭದಿಂದ ಮಗುವನ್ನು ಈಚೆಗೆ ತೆಗೆದು ತಾಯಿಯ ಎದೆಗೊಪ್ಪಿಸುವವರು. ಶಿಲುಬೆಯ ಮೇಲೆ ಸ್ವಾಮಿಯ ಬಾಯಿಂದ ಬಂದ ಕೀರ್ತನೆ ಇದೇ ಎಂಬುದನ್ನು ನೆನೆದರೆ, ಸೂಲಗಿತ್ತಿಯ ಕೆಲಸವನ್ನು ದೇವರಿಗೆ ಆರೋಪಿಸಿದ ಈ ರೂಪಕದ ತೂಕ ತಿಳಿಯುತ್ತದೆ.

ಆದಿಯಿಂದಲೂ ಧರ್ಮಸಭೆಗೆ ಈ ಎರಡು ಧಾರೆಗಳಲ್ಲಿ ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆ ಎದುರಾಗಿತ್ತು. ಇಂಗ್ಲೆಂಡಿಗೆ ಪ್ರೇಷಿತರಾಗಿ ಹೋಗಿದ್ದ ಕ್ಯಾಂಟರ್ಬರಿಯ ಅಗಸ್ಟೀನರು ಹೆತ್ತವಳು ಎಷ್ಟು ದಿನದ ಮೇಲೆ ದೇವಾಲಯಕ್ಕೆ ಬರಬಹುದೆಂದು ಕೇಳಿದಾಗ, ಪೋಪ್ ಮಹಾ ಗ್ರೆಗೋರಿಯವರು ನೀಡಿದ ಉತ್ತರವನ್ನು ಚರಿತ್ರಕಾರ ಬೀಡ್ ದಾಖಲಿಸಿದ್ದಾರೆ. ಹೆತ್ತ ಗಳಿಗೆಯಲ್ಲೇ ಆಕೆ ಕೃತಜ್ಞತೆ ಸಲ್ಲಿಸಲು ಬಂದರೂ ಅದರಲ್ಲಿ ಪಾಪವಿಲ್ಲ. ಹೆರಿಗೆಯ ನೋವನ್ನು ದೋಷವೆಂದು ಎಣಿಸಲಾಗದು ಎಂಬುದು ಅದರ ಸಾರ. ಏಳನೆಯ ಶತಮಾನದ ಹೊಸ್ತಿಲಲ್ಲೇ ರೋಮಿನಿಂದ ಬಂದ ಉತ್ತರ ಇಷ್ಟು ಸ್ಪಷ್ಟವಾಗಿತ್ತು.

ಆದರೂ ವಾಡಿಕೆ ಬೇರೆ ದಾರಿ ಹಿಡಿಯಿತು. 1614ರ ರೋಮನ್ ಸಂಸ್ಕಾರವಿಧಿಯಲ್ಲಿ ಹೆತ್ತವಳಿಗೆ ಒಂದು ಆಶೀರ್ವಾದವಿದೆ. ಆಕೆ ಉರಿಯುವ ಮೇಣದ ಬತ್ತಿ ಹಿಡಿದು ದೇವಾಲಯದ ಬಾಗಿಲಲ್ಲಿ ಮೊಣಕಾಲೂರುತ್ತಾಳೆ. ಯಾಜಕರು ಬಂದು ತಮ್ಮ ಸ್ತೋಲದ ತುದಿಯನ್ನು ಆಕೆಯ ಕೈಗಿತ್ತು ಒಳಗೆ ಕರೆದೊಯ್ಯುತ್ತಾರೆ. ಗ್ರಂಥದ ಪ್ರಕಾರ ಇದು ಕೃತಜ್ಞತೆಯ ವಿಧಿ, ಕಡ್ಡಾಯವೂ ಅಲ್ಲ. ಜನರ ಮನಸ್ಸಿನಲ್ಲಿ ಮಾತ್ರ ಅದು ಶುದ್ಧೀಕರಣವೇ ಆಗಿ ನಿಂತಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ತಾಯಿಯ ಆಶೀರ್ವಾದವು ಶಿಶುವಿನ ದೀಕ್ಷಾಸ್ನಾನದ ವಿಧಿಯೊಳಗೇ ಸೇರಿತು. ಗ್ರೆಗೋರಿಯವರ ಉತ್ತರ ಆಚರಣೆಯಲ್ಲಿ ನೆಲೆಗೊಳ್ಳಲು ಸುಮಾರು 1,370 ವರ್ಷಗಳು ಹಿಡಿದವು.

ನೀರು ಹಾಕುವ ಕೈ

ಬಾಗಿಲಲ್ಲಿ ತಾಯಿಯನ್ನು ನಿಲ್ಲಿಸಿದ ಅದೇ ಧರ್ಮಸಭೆ ಹೆರಿಗೆಯ ಕೋಣೆಯಲ್ಲಿ ಸೂಲಗಿತ್ತಿಗೆ ಒಂದು ಸಂಸ್ಕಾರವನ್ನೇ ಒಪ್ಪಿಸಿತ್ತು. ಹುಟ್ಟಿದ ಕೂಸು ಉಳಿಯುವ ಭರವಸೆಯಿಲ್ಲದಾಗ ಯಾಜಕರಿಗಾಗಿ ಕಾಯುವ ಸಮಯವಿರುವುದಿಲ್ಲ. 1439ರಲ್ಲಿ ಫ್ಲಾರೆನ್ಸ್ ಮಹಾಸಭೆಯು ಅರ್ಮೇನಿಯರಿಗಾಗಿ ಹೊರಡಿಸಿದ ಆಜ್ಞಾಪತ್ರದ ಪ್ರಕಾರ, ತುರ್ತಿನಲ್ಲಿ ಗೃಹಸ್ಥರೂ ಸ್ತ್ರೀಯರೂ ಅಕ್ರೈಸ್ತರೂ ಧರ್ಮಸಭೆಯ ವಿಧಾನವನ್ನೂ ಉದ್ದೇಶವನ್ನೂ ಪಾಲಿಸಿದರೆ ದೀಕ್ಷಾಸ್ನಾನ ಕೊಡಬಲ್ಲರು. ಅಂದರೆ ತತ್ತ್ವದ ಮಟ್ಟದಲ್ಲಿ ಹಿಂದೂ ಸೂಲಗಿತ್ತಿಯ ಕೈಯಿಂದ ಬಿದ್ದ ನೀರೂ ಸಂಸ್ಕಾರವೇ. 1917ರ ಧರ್ಮಸಭಾ ಕಾನೂನು ಸಂಹಿತೆಯ 743ನೆಯ ವಿಧಿಯು ಸರಿಯಾದ ವಿಧಾನವನ್ನು ವಿಶ್ವಾಸಿಗಳಿಗೆ, ವಿಶೇಷವಾಗಿ ಸೂಲಗಿತ್ತಿಯರಿಗೂ ವೈದ್ಯರಿಗೂ ಕಲಿಸುವ ಹೊಣೆಯನ್ನು ಧರ್ಮಕೇಂದ್ರದ ಗುರುಗಳಿಗೆ ವಹಿಸಿತು. ಆ ಸಾಲಿನಲ್ಲಿ ಸೂಲಗಿತ್ತಿಯರ ಹೆಸರು ವೈದ್ಯರಿಗಿಂತ ಮೊದಲು ಬರುತ್ತದೆ. 1983ರ ಸಂಹಿತೆಯ 861ನೆಯ ವಿಧಿಯಲ್ಲಿ ಕಲಿಸುವ ಹೊಣೆ ಉಳಿದಿದೆ. ಸೂಲಗಿತ್ತಿಯ ಹೆಸರು ಉಳಿದಿಲ್ಲ.

ಈ ನಂಬಿಕೆಗೆ ಒಂದು ನೆರಳೂ ಇತ್ತೆಂಬುದನ್ನು ಮುಚ್ಚಿಡಲಾಗದು. ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ವಿದೇಶ ಪ್ರೇಷಿತ ಸಂಘದ ವಾರ್ಷಿಕ ವರದಿಗಳಲ್ಲಿ ಸಾವಿನಂಚಿನ ಅಕ್ರೈಸ್ತ ಶಿಶುಗಳಿಗೆ ಕೊಟ್ಟ ದೀಕ್ಷಾಸ್ನಾನಗಳ ಲೆಕ್ಕ ಪ್ರತ್ಯೇಕವಾಗಿ ಬರುತ್ತಿತ್ತು. ಆ ಕಾಲದ ದೈವಶಾಸ್ತ್ರಕ್ಕೆ ಅದು ಆತ್ಮರಕ್ಷಣೆಯ ತುರ್ತು. ತಂದೆತಾಯಿಗಳ ದೃಷ್ಟಿಯಿಂದ ನೋಡಿದರೆ ಶುಶ್ರೂಷೆಯನ್ನು ನಂಬಿ ಬಂದವರ ಅರಿವಿಗೆ ಬಾರದಂತೆ ನಡೆಯಬಹುದಾಗಿದ್ದ ಕಾರ್ಯ. 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯ ಬೆಳಕಿನಲ್ಲೂ, ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳ ರಕ್ಷಣೆಗೆ ನಿರೀಕ್ಷೆಯುಂಟೆಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಬೆಳಕಿನಲ್ಲೂ ನಾವು ಆ ಲೆಕ್ಕಗಳನ್ನು ಬೇರೆಯೇ ಮನಸ್ಸಿನಿಂದ ಓದಬೇಕಾಗಿದೆ.

1936ರವರೆಗೆ ಮುಚ್ಚಿದ್ದ ಕದ

ಸೂಲಗಿತ್ತಿಗೆ ಸಂಸ್ಕಾರವನ್ನು ಒಪ್ಪಿಸಿದ ಧರ್ಮಸಭೆಯು ಸೂಲಗಿತ್ತಿಯ ಕೆಲಸವನ್ನು ತನ್ನ ಭಗಿನಿಯರಿಗೆ ಒಪ್ಪಿಸಲಿಲ್ಲ. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ಸ್ಥಾಪಿಸಿದ ಕಾಲದಲ್ಲಿ ವ್ರತಬದ್ಧ ಸ್ತ್ರೀಯರು ಹೆರಿಗೆ ಮಾಡಿಸುವುದು ಕನ್ಯಾವ್ರತಕ್ಕೆ ಒಪ್ಪುವುದಿಲ್ಲವೆಂಬುದೇ ಸಾಮಾನ್ಯ ಅಭಿಪ್ರಾಯವಾಗಿತ್ತು. 1917ರ ಸಂಹಿತೆಯು ಯಾಜಕರಿಗೆ ವಿಧಿಸಿದ ವೈದ್ಯವೃತ್ತಿಯ ನಿಷೇಧವನ್ನು ಧಾರ್ಮಿಕ ವ್ರತಸ್ಥರಿಗೂ ಅನ್ವಯಿಸಿತು. ಇತ್ತ ಪ್ರೊಟೆಸ್ಟೆಂಟ್ ಮಿಷನ್ನುಗಳ ವೈದ್ಯೆಯರು ಹಾಗೂ ದಾದಿಯರು ಇಂಥ ತಡೆಯಿಲ್ಲದೆ ದುಡಿಯುತ್ತಿದ್ದರು. ಮೈಸೂರಿನವರು ಇಂದಿಗೂ ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಆರಂಭವಾಯಿತು.

ಈ ಕದವನ್ನು ತಟ್ಟಿದವರು ಮೂವರು ಸ್ತ್ರೀಯರು. ಮೊದಲನೆಯವರು ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್. ಪರದೆಯೊಳಗಿನ ಸ್ತ್ರೀಯರು ಪುರುಷ ವೈದ್ಯರ ಬಳಿಗೆ ಬರದೆ ಸಾಯುತ್ತಿದ್ದುದನ್ನು ಕಂಡು ರಾವಲ್ಪಿಂಡಿಯಲ್ಲಿ ಆಸ್ಪತ್ರೆ ಕಟ್ಟಿಸಿದರು. ಭಗಿನಿಯರಿಗೆ ವೈದ್ಯವೃತ್ತಿಯ ಅನುಮತಿ ಬೇಕೆಂದು ರೋಮಿಗೆ ಮತ್ತೆ ಮತ್ತೆ ಮೊರೆಯಿಟ್ಟು, ಅದು ದೊರೆಯುವ ಮುನ್ನವೇ 1913ರಲ್ಲಿ ತೀರಿಕೊಂಡರು. ಅವರ ಬದುಕಿನ ಬಗ್ಗೆ ಓದಿ ಪ್ರೇರಿತರಾದ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ 1920ರಲ್ಲಿ ಭಾರತಕ್ಕೆ ಬಂದು ಗುಂಟೂರಿನಲ್ಲಿ ಯೇಸು ಮರಿಯ ಜೋಸೆಫರ ಸಂಸ್ಥೆಯ ಭಗಿನಿಯಾದರು. ಪೋಪ್ ಹದಿನೈದನೆಯ ಬೆನೆಡಿಕ್ಟರ ವಿಶೇಷ ಅನುಮತಿಯಿಂದ ವೈದ್ಯವೃತ್ತಿಯನ್ನು ಮುಂದುವರಿಸಿದ ಅವರು ಸ್ಥಳೀಯ ಹೆಂಗಸರನ್ನು ದಾದಿಯರಾಗಿ, ಸೂಲಗಿತ್ತಿಯರಾಗಿ ತರಬೇತುಗೊಳಿಸಿದರು. ಮೂರನೆಯವರಾದ ಆಸ್ಟ್ರಿಯಾದ ಅನ್ನಾ ಡೆಂಗೆಲ್ ರಾವಲ್ಪಿಂಡಿಯಲ್ಲಿ ಸೇವೆ ಸಲ್ಲಿಸಿದ ಬಳಿಕ 1925ರಲ್ಲಿ ವೈದ್ಯಕೀಯ ಪ್ರೇಷಿತ ಭಗಿನಿಯರ ಸಂಘವನ್ನು ಕಟ್ಟಿದರು. ನಿಷೇಧ ಇನ್ನೂ ಇದ್ದುದರಿಂದ ಅದರ ಸದಸ್ಯೆಯರು ಬಹಿರಂಗ ವ್ರತಗಳನ್ನು ಕೈಗೊಳ್ಳುವಂತಿರಲಿಲ್ಲ.

ಕದ ತೆರೆದದ್ದು 1936ರ ಫೆಬ್ರವರಿ 11ರಂದು. ವಿಶ್ವಾಸಪ್ರಸಾರದ ಪವಿತ್ರ ಮಂಡಳಿಯು ‘ಕಾನ್ಸ್ಟಾನ್ಸ್ ಆಕ್ ಸೆದುಲಾ’ ಎಂಬ ನಿರ್ದೇಶನಪತ್ರದಲ್ಲಿ ಪ್ರೇಷಿತ ಕ್ಷೇತ್ರಗಳ ತಾಯಿ ಶಿಶುಗಳ ರಕ್ಷಣೆಗಾಗಿ ಭಗಿನಿಯರು ವೈದ್ಯ ಮತ್ತು ದಾದಿ ಶಿಕ್ಷಣ ಪಡೆದು ಹೆರಿಗೆಯ ಸೇವೆಯಲ್ಲೂ ತೊಡಗಬಹುದೆಂದು ಒಪ್ಪಿತು. ಪ್ರೇಷಿತ ನೆಲದ ತಾಯಂದಿರ ಸಾವುಗಳು ರೋಮಿನ ನಿಲುವನ್ನು ಬದಲಿಸಿದವೆಂದು ನಾವು ಇದನ್ನು ಓದಬಹುದು. ಮೇರಿ ಗ್ಲೌರಿಯವರು 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಒಕ್ಕೂಟವನ್ನು ಸ್ಥಾಪಿಸಿ, 1957ರ ಮೇ 5ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರು ಕನಸು ಕಂಡ ಕಥೋಲಿಕ ವೈದ್ಯ ಕಾಲೇಜು 1963ರಲ್ಲಿ ಸಂತ ಜಾನರ ಹೆಸರಿನಲ್ಲಿ ಅದೇ ನಗರದಲ್ಲಿ ಆರಂಭವಾಯಿತು.

ಪಾವಗಡದಿಂದ ಜಿಲ್ಲಾಸ್ಪತ್ರೆಗೆ

ಹಳ್ಳಿಗಳಲ್ಲಿ ಮಾತ್ರ ಈ ಇಡೀ ಅವಧಿಯಲ್ಲಿ ಹೆರಿಗೆಯ ಭಾರ ಹೊತ್ತವರು ಹಿಂದಿನ ಸೂಲಗಿತ್ತಿಯರೇ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಕಲಿತ ವಿದ್ಯೆಯಿಂದ ಸುಮಾರು ಏಳು ದಶಕಗಳ ಕಾಲ, ಹಣ ಪಡೆಯದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನ, 98ನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿನ ಕೈಯ ಜ್ಞಾನಕ್ಕೆ ವಿಶ್ವವಿದ್ಯಾನಿಲಯವೊಂದು ತಲೆಬಾಗಿದ್ದು ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಆದರೆ ಹಳೆಯದನ್ನು ಕೊಂಡಾಡುವ ಭರದಲ್ಲಿ ಸತ್ತ ತಾಯಂದಿರನ್ನು ಮರೆಯಬಾರದು. ನಿಲ್ಲದ ರಕ್ತಸ್ರಾವ, ನಂಜು, ಅಡ್ಡ ಸಿಲುಕಿದ ಮಗು: ಇವುಗಳ ಮುಂದೆ ಅನುಭವವೊಂದೇ ಸಾಲದು. 2004–06ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018–20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ತಾಯಿ ಕಾರ್ಡು, ಆಂಬುಲೆನ್ಸ್ ಇವೆಲ್ಲದರ ಪಾಲು ಅದರಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲಿ ಆಗುತ್ತಿವೆ. 31ಕ್ಕೂ ಹೆಚ್ಚು ಶಸ್ತ್ರಕ್ರಿಯೆಯ ಮೂಲಕ ಆಗುತ್ತಿವೆ. ಈ ಎರಡನೆಯ ಸಂಖ್ಯೆಯೂ ಯೋಚಿಸತಕ್ಕದ್ದು. 2018ರಲ್ಲಿ ಭಾರತ ಸರ್ಕಾರವು ಸೂಲಗಿತ್ತಿ ಸೇವೆಯ ಮಾರ್ಗಸೂಚಿ ಹೊರಡಿಸಿ, ತರಬೇತಾದ ದಾದಿಯರೇ ಬಸಿರಿನಿಂದ ಬಾಣಂತನದವರೆಗೆ ಜೊತೆಗಿದ್ದು ಸಹಜ ಹೆರಿಗೆ ಮಾಡಿಸುವ, ಅಪಾಯ ಕಂಡಾಗ ವೈದ್ಯರಿಗೆ ಒಪ್ಪಿಸುವ ವ್ಯವಸ್ಥೆಯನ್ನು ಆರಂಭಿಸಿದ್ದು ಈ ಹಿನ್ನೆಲೆಯಲ್ಲಿಯೇ. ಹಳೆಯ ಸೂಲಗಿತ್ತಿಯ ಒಡನಾಟವನ್ನೂ ಹೊಸ ವೈದ್ಯದ ಶಕ್ತಿಯನ್ನೂ ಕೂಡಿಸುವ ಪ್ರಯತ್ನ ಅದು.

ಆಸ್ಪತ್ರೆಗೂ ಒಂದು ಹೊಸ್ತಿಲಿದೆ ಎಂಬುದನ್ನು 2022ರ ನವೆಂಬರ್ ತಿಂಗಳು ನಮ್ಮ ಜಿಲ್ಲೆಗೆ ತೋರಿಸಿತು. ತುಮಕೂರಿನಲ್ಲಿ ನೆಲೆಸಿದ್ದ ತಮಿಳುನಾಡಿನ ಬಡ ಗರ್ಭಿಣಿಯೊಬ್ಬಳನ್ನು ತಾಯಿ ಕಾರ್ಡು ಇಲ್ಲವೆಂಬ ಕಾರಣಕ್ಕೆ ಜಿಲ್ಲಾಸ್ಪತ್ರೆಯಲ್ಲಿ ದಾಖಲಿಸಿಕೊಳ್ಳಲಿಲ್ಲವೆಂಬ ಆರೋಪ ಕೇಳಿಬಂತು. ಮರಳಿದ ಆಕೆ ಮನೆಯಲ್ಲೇ ಹೆತ್ತು, ಅವಳಿ ಮಕ್ಕಳೊಡನೆ ಸತ್ತಳು. ಸಿಬ್ಬಂದಿಯನ್ನು ಅಮಾನತುಗೊಳಿಸಲಾಯಿತು. ಮೈಲಿಗೆಯ ಹೆಸರಿನಲ್ಲಿ ಹಟ್ಟಿಯ ಹೊರಗೆ, ಕಾಗದದ ಹೆಸರಿನಲ್ಲಿ ಆಸ್ಪತ್ರೆಯ ಹೊರಗೆ: ಎರಡೂ ಕಡೆ ಹೊರಗುಳಿದವಳು ತಾಯಿಯೇ. ಛತ್ರದಲ್ಲಿ ಸ್ಥಳ ದೊರೆಯಲಿಲ್ಲವೆಂಬ ಲೂಕನ ಮಾತನ್ನು ಪ್ರತಿ ಡಿಸೆಂಬರಿನಲ್ಲಿ ಓದುವ ನಮಗೆ ಇದರ ಅರ್ಥವನ್ನು ಬೇರೆಯವರು ಬಿಡಿಸಿ ಹೇಳಬೇಕಿಲ್ಲ.

ಗುರುಮಠದ ವಿದ್ಯಾರ್ಥಿಗಳಿಗೆ ಒಂದು ಮಾತು

ಈ ಚರಿತ್ರೆಯಿಂದ ನಮ್ಮ ಮೇಲೆ ಬೀಳುವ ಹೊಣೆಗಳು ದೊಡ್ಡವಲ್ಲ, ಆದರೆ ಖಚಿತವಾದವು. ಧರ್ಮಕೇಂದ್ರದ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಆಪತ್ಕಾಲದ ದೀಕ್ಷಾಸ್ನಾನದ ವಿಧಾನವನ್ನು ಕಲಿಸುವುದು 861ನೆಯ ವಿಧಿಯು ಇಂದಿಗೂ ನಮ್ಮಿಂದ ಬಯಸುವ ಕೆಲಸ. ತಂದೆತಾಯಿಗಳ ವಿಶ್ವಾಸವನ್ನೂ ಸಮ್ಮತಿಯನ್ನೂ ಗೌರವಿಸಬೇಕೆಂಬುದು ಆ ಪಾಠದ ಅರ್ಧಭಾಗವಾಗಿರಬೇಕು. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸಿಗೂ, ತಂದೆತಾಯಿಗಳು ಅದನ್ನು ಬಯಸಿದ್ದರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಅಂತ್ಯವಿಧಿ ನಡೆಸಲು 1183ನೆಯ ವಿಧಿ ಅವಕಾಶ ಕೊಟ್ಟಿದೆ. ದುಃಖಿತ ತಾಯಿಗೆ ಇದನ್ನು ನಾವಾಗಿಯೇ ತಿಳಿಸಬೇಕು. ಹೆರಿಗೆಯ ಮುನ್ನವೂ ಅನಂತರವೂ ತಾಯಿಗೆ ಕೊಡುವ ಆಶೀರ್ವಾದಗಳು ಆಶೀರ್ವಾದವಿಧಿಗಳ ಗ್ರಂಥದಲ್ಲಿವೆ. ಅವನ್ನು ಬಳಸುವಾಗ ಆಕೆಯನ್ನು ಬಾಗಿಲಲ್ಲಿ ನಿಲ್ಲಿಸುವ ಅಗತ್ಯವಿಲ್ಲ. ಬಾಣಂತಿಯನ್ನು ಇನ್ನೂ ಹೊರಗಿಡುವ ಮನೆ ನಮ್ಮ ಕ್ರೈಸ್ತ ಕುಟುಂಬಗಳಲ್ಲೇ ಇದ್ದರೆ ಗ್ರೆಗೋರಿಯವರ ಉತ್ತರವನ್ನು ಅಲ್ಲಿಗೆ ಮೊದಲು ಒಯ್ಯಬೇಕು. ಹಟ್ಟಿಯವರೊಡನೆ ಮಾತನಾಡುವ ಅರ್ಹತೆ ನಮಗೆ ಬರುವುದು ಆ ಬಳಿಕ. ಕಾರ್ಡಿಲ್ಲದ, ಭಾಷೆ ತಿಳಿಯದ ವಲಸೆಯ ಗರ್ಭಿಣಿ ನಮ್ಮ ಸರಹದ್ದಿನಲ್ಲಿದ್ದರೆ, ಆಕೆಯ ಹೆಸರನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬರೆಸುವವರೆಗೆ ಜೊತೆಯಲ್ಲಿ ನಡೆಯುವುದೂ ಯಾಜಕರ ಕೆಲಸವೇ.